ವಿಚಾರಣೆ ಅಕ್ಕನ ಏಳು ದ್ವೀಪಗಳು

ಬಸ್ ನಿಲ್ದಾಣದ ಮಧ್ಯದಲ್ಲಿ ಒಂದು ಗಾಜಿನ ಕೋಣೆ. ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ವಿಚಾರಣೆ’ ಎಂದು ಬರೆದಿತ್ತು. ಒಳಗೆ ಕೂರುವವಳನ್ನು ಡ್ರೈವರುಗಳು, ಕಂಡಕ್ಟರುಗಳು, ಕಸ ಗುಡಿಸುವವರು, ದಿನಾ ಓಡಾಡುವ ಪ್ರಯಾಣಿಕರು ಎಲ್ಲರೂ ವಿಚಾರಣೆ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಗಂಡ ಮಾತ್ರ ಆ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಿದ್ದ. ಸಂಜೆ ಅವಳು “ಎಲ್ಲಿಗೆ ಹೋಗಿದ್ರಿ, ಯಾಕೆ ತಡ?” ಎಂದು ಕೇಳಿದರೆ ಸಾಕು, ತಾಯಿಯ ಕಡೆ ತಿರುಗಿ, “ನೋಡಮ್ಮ, ಶುರುವಾಯ್ತು ವಿಚಾರಣೆ. ವಕೀಲರನ್ನ ಇಟ್ಕೊಳ್ಳೋಕೂ ಬಿಡಲ್ಲ ಇವಳು” ಎನ್ನುತ್ತಿದ್ದ.

ಅಕ್ಕನಿಗೆ ಐವತ್ಮೂರು ವಯಸ್ಸು. ಆ ಕೋಣೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ ಅವಳ ಪಾಳಿ. ಗಾಜಿನ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ಕಿಂಡಿ. ಕೇಳುವವರು ಅದರ ಮುಂದೆ ಬಗ್ಗಿ ನಿಲ್ಲಬೇಕು. ಬಗ್ಗಿದವರ ಮುಖಕ್ಕಿಂತ ಅವರ ನೆತ್ತಿಯೇ ಅವಳಿಗೆ ಹೆಚ್ಚು ಪರಿಚಯ. ಯಾವ ಬಸ್ಸು, ಎಷ್ಟು ಗಂಟೆಗೆ, ಯಾವ ಕಡೆ ನಿಲ್ಲುತ್ತದೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಗೋಡೆಯ ಮೇಲಿನ ವೇಳಾಪಟ್ಟಿಯ ಬಣ್ಣ ಮಾಸಿ ವರ್ಷಗಳಾಗಿದ್ದರೂ ಅದನ್ನು ಮತ್ತೆ ಬರೆಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಆದರೆ ಊರಿಗೆಲ್ಲ ದಾರಿ ಹೇಳುವ ಅಕ್ಕ ತಾನು ಹೋದದ್ದು ತವರಿಗೆ, ಮಗಳ ಮನೆಗೆ, ಒಂದೆರಡು ಮದುವೆಗೆ. ಅಷ್ಟೇ.

ಬೆಳಿಗ್ಗೆ ಆರು ನಲವತ್ತಕ್ಕೆ ಹನ್ನೊಂದನೇ ಅಂಕಣದಿಂದ ಬಂದರಿಗೆ ಹೋಗುವ ಬಸ್ಸು ಹೊರಡುತ್ತಿತ್ತು. ಬಂದರಿನಿಂದ ಹಡಗು ಹತ್ತಿದರೆ ದ್ವೀಪಗಳು. ಆ ಬಸ್ಸಿಗೆ ಬರುವವರನ್ನು ಕೇಳದೆಯೇ ಗುರುತಿಸಬಹುದಿತ್ತು. ಅಗಲ ಅಂಚಿನ ಟೋಪಿ, ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಏನನ್ನೋ ಮರೆತು ಬಂದೆವೆಂದು ಜಗಳವಾಡುವ ಗಂಡ ಹೆಂಡತಿ. ವಾರದ ನಂತರ ಅದೇ ಜನ ಮೂಗಿನ ಚರ್ಮ ಸುಲಿದುಕೊಂಡು, ಚೀಲದಿಂದ ಮರಳು ಉದುರಿಸುತ್ತ ಇಳಿಯುತ್ತಿದ್ದರು. ಜಗಳ ಹೋಗುವಾಗ ಇದ್ದಷ್ಟು ಇರುತ್ತಿರಲಿಲ್ಲ. ಅಕ್ಕ ಅದನ್ನು ಗಮನಿಸಿದ್ದಳು.

ಒಂದು ದಿನ ನಿಲ್ದಾಣದ ಮೇಲ್ವಿಚಾರಕ ಬಾಗಿಲಲ್ಲಿ ನಿಂತು, “ಏನಕ್ಕ, ನಿಮ್ಮ ರಜೆ ಇಪ್ಪತ್ತು ದಿನ ಹಾಗೇ ಬಿದ್ದಿದೆ. ಈ ವರ್ಷದೊಳಗೆ ತಗೊಳ್ಳಲಿಲ್ಲ ಅಂದ್ರೆ ನೀರಲ್ಲಿ ಹೋಮ ಮಾಡಿದ ಹಾಗೆ” ಎಂದ.

“ತಗೊಂಡು ಏನ್ ಮಾಡ್ಲಿ ಸಾರ್? ಮನೇಲಿ ಕೂತ್ರೆ ಇನ್ನೂ ಜಾಸ್ತಿ ಕೆಲಸ.”

“ಎಲ್ಲಾದ್ರೂ ಹೋಗಿ. ಬಸ್ಸುಗಳೇನು ಬರೀ ಊರವರಿಗೆ ಅಂತಾನಾ ಇರೋದು?”

ಅಷ್ಟು ಹೇಳಿ ಅವನು ಹೋದ. ಅಕ್ಕ ಕಿಂಡಿಯ ಮುಂದಿದ್ದ ಮುದುಕನಿಗೆ ಎಂಟು ಹತ್ತರ ಬಸ್ಸಿನ ಜಾಗ ಹೇಳಿದಳು. ಆಮೇಲೆ ಕಾಯುವ ಕೋಣೆಗೆ ಹೋಗಿ, ಅಲ್ಲಿ ಗೋಡೆಯಲ್ಲಿ ಒಂದು ಮೂಲೆ ಕಿತ್ತು ನೇತಾಡುತ್ತಿದ್ದ ಹಡಗಿನ ಕಂಪನಿಯ ಹಳೇ ನಕ್ಷೆಯನ್ನು ಪೂರ್ತಿ ಬಿಡಿಸಿಕೊಂಡು, ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಅವಳ ಗಂಡ ಫ್ರಿಜ್ ರಿಪೇರಿ ಮಾಡುವವನು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅಡುಗೆಮನೆ. ಅಂಗಡಿಯಲ್ಲಿ ಜಾಗ ಸಾಲದೆ ಬಾಗಿಲಿಲ್ಲದ ಫ್ರಿಜ್ಜುಗಳೂ ಫ್ರಿಜ್ಜಿಲ್ಲದ ಬಾಗಿಲುಗಳೂ ಮನೆಯೊಳಗೆ ನುಗ್ಗಿ ನಿಂತಿದ್ದವು. ಅಂಥದೊಂದು ಬಾಗಿಲು ಹಜಾರದ ಗೋಡೆಗೆ ಒರಗಿತ್ತು. ಅಕ್ಕ ಅದರ ಮೇಲೆ ನಕ್ಷೆಯನ್ನು ಹರಡಿ, ನಾಲ್ಕು ಮೂಲೆಗೆ ಅಯಸ್ಕಾಂತದ ಬಿಲ್ಲೆ ಒತ್ತಿದಳು. ನೀಲಿ ನೀರಿನ ನಡುವೆ, ಊಟದ ಮೇಜಿನ ಮೇಲೆ ಚೆಲ್ಲಿದ ಅಗುಳಿನ ಹಾಗೆ ಏಳು ದ್ವೀಪಗಳು ಓರೆಯಾಗಿ ಬಿದ್ದಿದ್ದವು.

“ಇದೇನೇ?” ಎಂದ ಗಂಡ.

“ನಾವು ಹೋಗೋ ಜಾಗ.”

“ಯಾವಾಗ?”

“ಇನ್ನೂ ಗೊತ್ತಿಲ್ಲ. ಮೊದಲು ತಿಳ್ಕೋಬೇಕು.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ!”

“ಕೂಸು ಹುಟ್ಟಿದ ಮೇಲೆ ಕುಲಾವಿ ಹೊಲಿಯೋಕೆ ಯಾರಿಗಿರುತ್ತೆ ಪುರುಸೊತ್ತು?” ಎಂದಳು ಅಕ್ಕ. ಒಳಕೋಣೆಯಿಂದ ಅತ್ತೆ ನಕ್ಕದ್ದು ಕೇಳಿಸಿತು. ಅತ್ತೆಗೆ ಎಪ್ಪತ್ತಾರು. ಮಂಡಿ ಹಿಡಿದುಕೊಂಡಿತ್ತು, ಕಿವಿ ಮಾತ್ರ ಚುರುಕಾಗಿತ್ತು.

ಅಂದಿನಿಂದ ಗಾಜಿನ ಕೋಣೆಯಲ್ಲಿ ಪ್ರಶ್ನೆಗಳ ದಿಕ್ಕು ತಿರುಗಿತು. ಬಂದರಿನ ಬಸ್ಸಿನಿಂದ ಇಳಿದವರನ್ನು ಅಕ್ಕನೇ ಕರೆದು ಕೇಳತೊಡಗಿದಳು. ಎಲ್ಲಿ ಉಳಿದಿರಿ, ನೀರು ಸಿಹಿಯೋ ಉಪ್ಪೋ, ದೋಣಿ ಎಷ್ಟೊತ್ತಿಗೆ? ಹೊಸದಾಗಿ ಮದುವೆಯಾದ ಜೋಡಿಯೊಂದನ್ನು “ಯಾವ ಯಾವ ದ್ವೀಪ ನೋಡಿದ್ರಿ?” ಎಂದರೆ ಇಬ್ಬರೂ ಮುಖ ಮುಖ ನೋಡಿಕೊಂಡು, “ಗಮನಿಸಲಿಲ್ಲ” ಎಂದರು. ಅಂಥವರನ್ನು ಬಿಟ್ಟು ಅವಳು ಕೆಲಸಕ್ಕೆಂದು ಓಡಾಡುವವರನ್ನು ಹಿಡಿದಳು. ದ್ವೀಪದ ಚಿಕಿತ್ಸಾಲಯದ ನರ್ಸ್ ಒಬ್ಬಳು ತಿಂಗಳಿಗೊಮ್ಮೆ ತಾಯಿಯನ್ನು ನೋಡಲು ಬರುತ್ತಿದ್ದಳು. ಅವಳು ಕಿಂಡಿಗೆ ಮೊಣಕೈ ಊರಿ ಹೇಳಿದ್ದೆಲ್ಲ ಅಕ್ಕನ ನೋಟುಪುಸ್ತಕದ ಒಂಬತ್ತು ಪುಟ ತುಂಬಿತು.

“ಮಳೆ ನಿಂತು ಎರಡು ತಿಂಗಳು ಬಿಟ್ಟು ಬನ್ನಿ ಅಕ್ಕ, ಸಮುದ್ರ ತಟ್ಟೇಲಿ ಹಾಕಿಟ್ಟ ನೀರಿನ ಹಾಗೆ ಇರುತ್ತೆ. ಹಡಗು ವಾರಕ್ಕೆ ಎರಡೇ ಸಲ. ಬೆಳಿಗ್ಗೆ ಹತ್ತಿದ್ರೆ ಸಂಜೆ ಇಳೀಬಹುದು. ದ್ವೀಪದಿಂದ ದ್ವೀಪಕ್ಕೆ ಸಣ್ಣ ದೋಣಿ. ಅದಕ್ಕೆ ಮಾತ್ರ ಗಡಿಯಾರ ನಂಬಬೇಡಿ.”

“ಅಂದ್ರೆ? ವೇಳಾಪಟ್ಟಿ ಇಲ್ವಾ?”

“ನೀರು ಏರಿದಾಗ ಹೊರಡುತ್ತೆ. ಏರೋ ಹೊತ್ತು ದಿನಾ ಮುಕ್ಕಾಲು ಗಂಟೆ, ಒಂದು ಗಂಟೆ ಮುಂದಕ್ಕೆ ಹೋಗ್ತಾ ಇರುತ್ತೆ.”

ಇಪ್ಪತ್ತೆರಡು ವರ್ಷ ಒಂದೇ ವೇಳಾಪಟ್ಟಿಯನ್ನು ಒಪ್ಪಿಸಿದ್ದ ಅಕ್ಕನಿಗೆ ಅದನ್ನು ಅರಗಿಸಿಕೊಳ್ಳಲು ಎರಡು ದಿನ ಹಿಡಿಯಿತು. ಮೂರನೇ ದಿನ ನರ್ಸ್ ಕಳಿಸಿಕೊಟ್ಟ ಏರಿಳಿತದ ಪಟ್ಟಿಯನ್ನು ಮುಂದಿಟ್ಟುಕೊಂಡು, ಹನ್ನೆರಡು ದಿನದ ದೋಣಿಗಳನ್ನೆಲ್ಲ ಲೆಕ್ಕ ಹಾಕಿ, ಏಳು ದ್ವೀಪಗಳನ್ನೂ ಒಂದು ದಾರದಲ್ಲಿ ಪೋಣಿಸಿಬಿಟ್ಟಳು. ಅವುಗಳ ನಿಜವಾದ ಹೆಸರು ಬಾಯಲ್ಲಿ ತಿರುಗದ್ದರಿಂದ ತಾನೇ ಹೆಸರಿಟ್ಟಳು. ಹಡಗು ನಿಲ್ಲುವುದು ಉದ್ದ ದ್ವೀಪ. ಆಮೆಗಳು ಮೊಟ್ಟೆ ಇಡುವುದು ಆಮೆ ದ್ವೀಪ. ದೀಪಸ್ತಂಭ ಇರುವುದು ದೀಪದ ದ್ವೀಪ. ಮತ್ತೆ ಬಂಡೆ ದ್ವೀಪ, ಮರಳು ದ್ವೀಪ, ಒಂದಕ್ಕೊಂದು ಅಂಟಿಕೊಂಡಂತಿದ್ದ ಎರಡಕ್ಕೆ ಅಕ್ಕ, ತಂಗಿ.

ಎಲ್ಲ ಕೂಡಿಬಂತು ಎನ್ನುವಾಗ ಗಂಡ ಕಲ್ಲು ಹಾಕತೊಡಗಿದ. ಬೇಸಿಗೆ ಎಂದರೆ ಊರಿನ ಫ್ರಿಜ್ಜೆಲ್ಲ ಕೆಡುವ ಕಾಲ. ಮಳೆಗಾಲ ಎಂದರೆ ಸಿಡಿಲಿಗೆ ಮೋಟರು ಸುಡುವ ಕಾಲ. ಸರಿ, ನಡುವಿನ ತಂಪುಕಾಲದಲ್ಲಿ ಹೋಗೋಣ ಎಂದರೆ, “ತಂಪುಕಾಲದಲ್ಲಿ ಜನ ಫ್ರಿಜ್ ತೊಳೆಯೋಕೆ ಅಂತ ಆಫ್ ಮಾಡ್ತಾರೆ ಕಣೇ. ಆಮೇಲೆ ಅದು ಆನ್ ಆಗಲ್ಲ” ಎಂದ. ಅಮ್ಮನ ಮಂಡಿ ಎಂದ. ಅಂಗಡಿಯ ಬೀಗ ಸರಿ ಇಲ್ಲ ಎಂದ. ಅಕ್ಕ ಬೀಗ ಬದಲಾಯಿಸಿದಳು. ಅವನು ಬಾಗಿಲೇ ಸರಿ ಇಲ್ಲ ಎಂದ.

“ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು ನಿಮ್ಮ ಕತೆ” ಎಂದು ಅಕ್ಕ ಸಿಡುಕಿ ಅಡುಗೆಮನೆಗೆ ಹೋದಳು. ಅತ್ತೆ ಅಲ್ಲಿ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. “ಅವನ ನೆಲ ಡೊಂಕಿಲ್ಲ ಕಣೇ. ಅವನಿಗೆ ನೀರು ಕಂಡ್ರೆ ಭಯ” ಎಂದರು.

ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

“ಎಂಟು ವರ್ಷದವನಿದ್ದಾಗ ನದಿ ದಾಟ್ತಾ ದೋಣಿ ಮಗುಚಿತು. ಅಂಬಿಗ ಅವನ ಜುಟ್ಟು ಹಿಡಿದು ಎಳೆದು ಹಾಕಿದ. ಯಾರಿಗೂ ಏನೂ ಆಗಲಿಲ್ಲ. ಆದ್ರೆ ಅವತ್ತಿಂದ ಇವನು ಬಕೆಟ್ಟಿಗಿಂತ ಹೆಚ್ಚು ನೀರು ನೋಡಿದ್ರೆ ಬೆವರ್ತಾನೆ. ಬಸ್ಸಲ್ಲಿ ಹೋಗ್ತಾ ಸೇತುವೆ ಬಂದ್ರೆ ಕಣ್ಣು ಮುಚ್ಕೊಳ್ಳಲ್ವಾ? ನೀನು ನಿದ್ದೆ ಅಂದ್ಕೊಂಡಿದ್ದೀಯ.”

ಹೌದು, ನಿದ್ದೆ ಎಂದೇ ಅಂದುಕೊಂಡಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷ, ಎಷ್ಟೋ ಸೇತುವೆಗಳ ಮೇಲೆ ಅವನ ತಲೆ ತನ್ನ ಹೆಗಲಿಗೆ ಬಿದ್ದಾಗ, ಪಾಪ, ದಣಿದಿದ್ದಾರೆ ಎಂದು ಕಿಟಕಿ ಮುಚ್ಚಿದ್ದಳು. ದಾರಿಹೋಕರ ಕಷ್ಟಸುಖವನ್ನೆಲ್ಲ ಕೇಳುವವಳಿಗೆ ಪಕ್ಕದಲ್ಲಿ ಕೂತವನ ಭಯ ಗೊತ್ತಾಗಲಿಲ್ಲವಲ್ಲ ಎಂದು ಒಂದು ಗಳಿಗೆ ಅವಳ ಮನಸ್ಸು ಹಿಂಡಿತು. ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು.

“ಹೋಗ್ಲಿ ಬಿಡಿ ಅತ್ತೆ. ನಕ್ಷೆ ತೆಗೆದುಬಿಡ್ತೀನಿ.”

“ಯಾಕೆ ತೆಗೀತೀಯ? ಅವನನ್ನ ಬಿಡು. ನನ್ನ ಕರ್ಕೊಂಡು ಹೋಗು.” ಅತ್ತೆ ತಲೆ ಎತ್ತಲಿಲ್ಲ, ಬಟಾಣಿ ಸುಲಿಯುತ್ತಲೇ ಇದ್ದರು. “ನಾನೂ ಆ ಬಾಗಿಲು ನೋಡ್ತಾ ಕೂತಿರ್ತೀನಲ್ಲ ದಿನಾ. ನನಗೂ ಆಸೆ ಆಗಲ್ವಾ?”

ಸಂಜೆ ಅಕ್ಕ ಗಂಡನಿಗೆ ಚಹಾ ಕೊಟ್ಟು ನೇರವಾಗಿ ಹೇಳಿದಳು. “ಅತ್ತೆ ಎಲ್ಲಾ ಹೇಳಿದ್ರು. ನೀವು ಬರೋದು ಬೇಡ. ನಾನು, ಅತ್ತೆ ಹೋಗಿ ಬರ್ತೀವಿ.”

ಗಂಡ ಲೋಟ ಕೆಳಗಿಟ್ಟ. “ಹೇಳೋಕೆ ನಾಚಿಕೆ ಆಗ್ತಿತ್ತು” ಎಂದ. ಆಮೇಲೆ, “ಅಂದ್ರೆ, ನನ್ನ ಬಿಟ್ಟು?” ಎಂದ.

“ನಿಮ್ಮ ಹೆದರಿಕೆ ಬಿಟ್ಟು. ನೀವು ಅದರ ಜೊತೆಗಿದ್ದೀರಲ್ಲ, ಏನ್ ಮಾಡೋದು?”

ಅವನಿಗೆ ನಗುವೂ ಬಂತು, ಮುಖವೂ ಸಣ್ಣದಾಯಿತು.

ಅತ್ತೆ ಬರುವುದೆಂದಾದ ಮೇಲೆ ಯೋಜನೆಯನ್ನೆಲ್ಲ ಮತ್ತೆ ಬಿಚ್ಚಬೇಕಾಯಿತು. ಏಳು ದ್ವೀಪ ಎಂದರೆ ಹನ್ನೆರಡು ಸಲ ದೋಣಿ ಹತ್ತಿ ಇಳಿಯಬೇಕು. ಆ ಮಂಡಿಗೆ ಅದು ಆಗದ ಮಾತು. ಅಕ್ಕ ಪೆನ್ಸಿಲು ಹಿಡಿದು ಒಂದೊಂದನ್ನೇ ಹೊಡೆದು ಹಾಕಿದಳು. ಆಮೆ ಹೋಯಿತು, ಬಂಡೆ ಹೋಯಿತು, ಮರಳು ಹೋಯಿತು. ಅಕ್ಕ, ತಂಗಿಯನ್ನು ಹೊಡೆಯುವಾಗ ಪೆನ್ಸಿಲು ಸ್ವಲ್ಪ ತಡೆಯಿತು. ಉಳಿದದ್ದು ಉದ್ದ ದ್ವೀಪ, ದೀಪದ ದ್ವೀಪ. “ಏಳು ನೋಡಿ ಏನು ಮಾಡ್ತೀಯೇ? ಒಂದರಲ್ಲಿ ಕಾಲು ಚಾಚಿ ಕೂತ್ರೆ ಸಾಲದಾ?” ಎಂದು ಅತ್ತೆ ಸಮಾಧಾನ ಹೇಳಿದರು. ಅದರಿಂದ ಅಕ್ಕನಿಗೆ ಪೂರ್ತಿ ಸಮಾಧಾನವೇನೂ ಆಗಲಿಲ್ಲ.

ಉಳಿಯುವ ಮನೆಗೆ ಫೋನು ಮಾಡಿದಳು. ಉದ್ದ ದ್ವೀಪದಲ್ಲಿ ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತಳಾದ ಹೆಂಗಸೊಬ್ಬಳು ತನ್ನ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ನರ್ಸ್ ಅವಳನ್ನು ಅಂಚೆಯಮ್ಮ ಎನ್ನುತ್ತಿದ್ದಳು. ಫೋನು ಪದೇ ಪದೇ ಕಡಿದು ಹೋಗುತ್ತಿತ್ತು.

“ನಿಮ್ಮ ಅತ್ತೆ ಎಷ್ಟು ಮೆಟ್ಟಿಲು ಹತ್ತುತ್ತಾರೆ?” ಅಂಚೆಯಮ್ಮ ಆ ಕಡೆಯಿಂದ ಕೂಗಿದಳು.

“ಆರು! ಕೈ ಹಿಡಿದ್ರೆ ಎಂಟು!”

“ನಮ್ಮಲ್ಲಿ ನಾಲ್ಕೇ! ಇಸ್ಪೀಟು ಆಡ್ತಾರಾ?”

ಅಕ್ಕ ತಿರುಗಿ ನೋಡಿದಳು. ಅತ್ತೆ ಆಗಲೇ ಜೋರಾಗಿ ತಲೆಯಾಡಿಸುತ್ತಿದ್ದರು.

ಹೊರಡಲು ಐದು ವಾರ ಇತ್ತು. ಆಗ ನಗರ ಬಸ್ಸಿನ ಡ್ರೈವರೊಬ್ಬ ಕಿಂಡಿಯಲ್ಲಿ ಬಗ್ಗಿ, “ಏನಕ್ಕ, ನಿಮ್ಮ ಯಜಮಾನ್ರು ದಿನಾ ಬೆಳಿಗ್ಗೆ ಈಜುಕೊಳದ ಸ್ಟಾಪಲ್ಲಿ ಇಳೀತಾರೆ. ಅಲ್ಲೇನು ಫ್ರಿಜ್ ಇದೆಯಾ?” ಎಂದು ಕೇಳಿದ. ಅಕ್ಕನ ಕಿವಿ ನೆಟ್ಟಗಾಯಿತು. ಮೂರು ವಾರದಿಂದ ಗಂಡನ ಮೈಯಲ್ಲಿ ಔಷಧಿ ಹಾಕಿದ ನೀರಿನ ವಾಸನೆ ಬರುತ್ತಿತ್ತು. ಫ್ರಿಜ್ಜಿಗೆ ತುಂಬುವ ಯಾವುದೋ ಹೊಸ ಗ್ಯಾಸು ಇರಬೇಕೆಂದುಕೊಂಡಿದ್ದಳು.

ವಾರದ ರಜೆಯ ದಿನ ಅವಳು ಈಜುಕೊಳದ ಕಂಬಿಬೇಲಿಯ ಹೊರಗೆ ನಿಂತು ನೋಡಿದಳು. ಸಣ್ಣ ಕೊಳದ ಆಳವಿಲ್ಲದ ಬದಿಯಲ್ಲಿ, ಐದಾರು ವರ್ಷದ ಹೆಣ್ಣುಮಕ್ಕಳ ಸಾಲಿನ ಕೊನೆಗೆ, ಸೊಂಟಮಟ್ಟದ ನೀರಿನಲ್ಲಿ ಅವಳ ಗಂಡ ನಿಂತಿದ್ದ. ಎರಡು ಕೈಯಲ್ಲೂ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಕಲಿಸುವವಳು ಸೀಟಿ ಊದಿದಳು. ಮಕ್ಕಳೆಲ್ಲ ಮುಳುಗಿ ಗುಳ್ಳೆ ಬಿಟ್ಟು ಎದ್ದರು. ಅವನು ಮಾತ್ರ ಹಾಗೇ ನಿಂತಿದ್ದ. ಪಕ್ಕದ ಪುಟ್ಟ ಹುಡುಗಿ, “ಅಂಕಲ್, ಮೂಗು ಹಿಡ್ಕೊಳ್ಳಿ, ಮೂರು ಎಣಿಸಿ, ಅಷ್ಟೇ” ಎಂದಳು. ಅವನು ಮೂಗು ಹಿಡಿದ. ತುಟಿ ಅಲ್ಲಾಡಿತು. ತಲೆ ನೀರೊಳಗೆ ಹೋಯಿತು. ಅಕ್ಕ ಬೇಲಿಯ ಕಂಬಿ ಹಿಡಿಯುವಷ್ಟರಲ್ಲಿ, ಕೆಮ್ಮುತ್ತ, ಕಣ್ಣುಜ್ಜುತ್ತ ಮೇಲೆ ಬಂದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಅಕ್ಕ ಅವನನ್ನು ಕರೆಯಲಿಲ್ಲ. ಬಂದ ದಾರಿಯಲ್ಲೇ ನಡೆದು, ಹಡಗಿನ ಟಿಕೆಟ್ಟಿನ ಕಚೇರಿಗೆ ಹೋಗಿ, ಆಗಲೇ ಬರೆಸಿದ್ದ ಎರಡರ ಜೊತೆಗೆ ಮತ್ತೊಂದು ಸೀಟು ಬರೆಸಿದಳು.

“ಮೂರು ಸೀಟಿದೆ” ಎಂದಳು ಮನೆಯಲ್ಲಿ. “ಒಂದು ಖಾಲಿ ಹೋದ್ರೂ ಪರವಾಗಿಲ್ಲ, ಬ್ಯಾಗ್ ಇಟ್ಕೋತೀವಿ.”

ಗಂಡ ಸ್ಕ್ರೂಡ್ರೈವರಿನ ತುದಿ ಒರೆಸುತ್ತ, “ಬ್ಯಾಗಿಗ್ಯಾಕೆ ಅಷ್ಟು ಒಳ್ಳೇ ಸೀಟು?” ಎಂದ.

ಹಡಗು ಹತ್ತುವ ಏಣಿಯ ಬುಡದಲ್ಲಿ ಅವನು ಒಮ್ಮೆ ನಿಂತ. ಹಿಂದೆ ಜನ ಒತ್ತುತ್ತಿದ್ದರು. “ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ನಡಿಯಪ್ಪ, ನನ್ನ ಮಂಡಿ ಕಾಯಲ್ಲ” ಎಂದು ಅತ್ತೆ ಅವನ ಬೆನ್ನಿಗೆ ಕೋಲಿನಿಂದ ಮೆಲ್ಲಗೆ ತಿವಿದರು. ಅವನು ಹತ್ತಿದ. ಒಳಗೆ ನಟ್ಟನಡುವಿನ ಬೆಂಚಿನಲ್ಲಿ, ಎರಡು ಕಡೆಯ ಕಿಟಕಿಗೂ ಸಮದೂರದಲ್ಲಿ, ಒಂದು ಕಂಬವನ್ನು ತಬ್ಬಿಕೊಂಡು ಕೂತ.

ಅಕ್ಕ ವಯಸ್ಸಾದವರಿಗೆ ತೊಂದರೆಯಾಗಬಹುದೆಂದು ನಿಂಬೆಹಣ್ಣು, ವಾಂತಿಯ ಮಾತ್ರೆ, ಒಣ ಬಿಸ್ಕತ್ತು, ದಪ್ಪ ಕಾಗದದ ಚೀಲ ಎಲ್ಲ ಅತ್ತೆಗೋಸ್ಕರ ಜೋಡಿಸಿ ತಂದಿದ್ದಳು. ಎರಡು ಗಂಟೆಯಾಗುವಷ್ಟರಲ್ಲಿ ಗಂಡ ಹಸಿರಾದ. ಇನ್ನರ್ಧ ಗಂಟೆಗೆ ಅಕ್ಕನೂ. ಸಂಜೆಯವರೆಗೆ ಅತ್ತೆಯೇ ಇಬ್ಬರಿಗೂ ನಿಂಬೆ ಮೂಸಿಸಿ, ಚೀಲ ಹಿಡಿದು, ಮಿಕ್ಕ ಬಿಸ್ಕತ್ತನ್ನೆಲ್ಲ ತಾವೇ ತಿಂದು, ಅಕ್ಕಪಕ್ಕದವರ ಊರು ಕೇರಿ ವಿಚಾರಿಸಿಕೊಂಡು ಸುಖವಾಗಿ ಬಂದರು. “ನಿನ್ನ ಪುಸ್ತಕದಲ್ಲಿ ಇದನ್ನ ಬರ್ಕೊಂಡಿರಲಿಲ್ವಾ?” ಎಂದು ಸೊಸೆಯನ್ನು ಕೇಳಿದರು.

ಅಂಚೆಯಮ್ಮನ ಮನೆ ದಡದಿಂದ ನೂರು ಹೆಜ್ಜೆ. ನಾಲ್ಕು ಮೆಟ್ಟಿಲು, ಸುಣ್ಣ ಬಳಿದ ಗೋಡೆ, ನೀಲಿ ಕಿಟಕಿ, ತೆಂಗಿನ ಮರಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ. ಮೊದಲ ದಿನವೇ ಅವಳೂ ಅತ್ತೆಯೂ ಇಸ್ಪೀಟು ಹರಡಿಕೊಂಡು ಕೂತರು. ಅಂಚೆಯಮ್ಮ ಎಲೆ ಕದಿಯುತ್ತಾಳೆ ಎಂದು ಅತ್ತೆ, ಅತ್ತೆ ಲೆಕ್ಕ ತಪ್ಪಿಸುತ್ತಾರೆ ಎಂದು ಅಂಚೆಯಮ್ಮ. ಇಬ್ಬರದ್ದೂ ನಿಜವಿತ್ತು. ಗಂಡ ಎರಡು ದಿನ ಜಗಲಿಯಿಂದಲೇ ಸಮುದ್ರ ನೋಡಿದ. ಮೂರನೇ ದಿನ ಮರಳಿನವರೆಗೆ ಹೋದ. ನಾಲ್ಕನೇ ದಿನ ಚಿಕಿತ್ಸಾಲಯದಲ್ಲಿ ಔಷಧಿಯ ಫ್ರಿಜ್ಜು ತಣ್ಣಗಾಗುತ್ತಿಲ್ಲ ಎಂದು ನರ್ಸ್ ಹೇಳಿಕಳಿಸಿದಾಗ, ಅವನ ಮುಖ ಅರಳಿದ್ದು ನೋಡಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅರ್ಧ ದಿನ ಅದರ ಹಿಂದೆ ಬಿದ್ದುಕೊಂಡಿದ್ದು, ತುಕ್ಕು ಹಿಡಿದ ತಂತಿ ಬದಲಾಯಿಸಿ, ಗೆದ್ದವನಂತೆ ಮರಳಿದ.

ಐದನೇ ದಿನ ದೀಪದ ದ್ವೀಪ ಎಂದು ನೋಟುಪುಸ್ತಕ ಹೇಳುತ್ತಿತ್ತು. ಅತ್ತೆ, “ಆಟ ಅರ್ಧಕ್ಕೆ ನಿಂತಿದೆ, ನಾನು ಬರಲ್ಲ” ಎಂದರು. ಗಂಡ ದಡದಲ್ಲಿ ತೂಗಾಡುತ್ತಿದ್ದ ದೋಣಿಯನ್ನು ನೋಡಿ, “ಅದು ದೋಣಿ ಕಣೇ, ಹಡಗಲ್ಲ” ಎಂದ. ಅಕ್ಕ ಒತ್ತಾಯ ಮಾಡಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಳೇ ಹತ್ತಿದಳು.

ಐವತ್ಮೂರು ವರ್ಷದಲ್ಲಿ ಅವಳು ಒಬ್ಬಳೇ ಎಲ್ಲಿಗಾದರೂ ಸುಮ್ಮನೆ ಹೋದದ್ದು ಅದೇ ಮೊದಲು. ದೋಣಿಯಲ್ಲಿ ಮೂವರು ಮೀನುಗಾರರು, ಒಂದು ಮೂಟೆ ಈರುಳ್ಳಿ. ಯಾರೂ ಅವಳನ್ನು ಏನೂ ಕೇಳಲಿಲ್ಲ. ದೀಪಸ್ತಂಭದ ಒಳಗಿನ ತಿರುಚು ಮೆಟ್ಟಿಲನ್ನು ನಾಲ್ಕು ಕಡೆ ನಿಂತು ದಣಿವಾರಿಸಿಕೊಂಡು ಹತ್ತಿದಳು. ಮೇಲೆ ಗಾಳಿ ಸೆರಗನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಕಟಕಟೆ ಹಿಡಿದು ನೋಡಿದರೆ, ಪೆನ್ಸಿಲಿನಿಂದ ಹೊಡೆದು ಹಾಕಿದ್ದ ದ್ವೀಪಗಳೆಲ್ಲ ಬಿಸಿಲಲ್ಲಿ ಸಾಲಾಗಿ ಕೂತಿದ್ದವು. ಆಮೆ, ಬಂಡೆ, ಮರಳು, ದೂರದಲ್ಲಿ ಅಕ್ಕ, ತಂಗಿ. ಅಕ್ಕ, ತಂಗಿಯ ನಡುವೆ ಕಾಲುವೆಯಂಥ ತೆಳು ನೀರಿದೆ ಎಂಬುದು ನಕ್ಷೆಯಲ್ಲಿ ಇರಲಿಲ್ಲ. ಅವಳು ಒಂದೊಂದನ್ನೂ ಗುರುತಿಸಿ, ಮತ್ತೆ ಮೊದಲಿಂದ ಗುರುತಿಸಿ, ಇಳಿಯಲು ಮನಸ್ಸಿಲ್ಲದೆ ಅಲ್ಲೇ ಕೂತು ತಂದಿದ್ದ ಬಾಳೆಹಣ್ಣು ತಿಂದಳು. ನೀರು ಏರುವ ಹೊತ್ತು ಅವಳಿಗೆ ಗೊತ್ತಿತ್ತು. ಅವಸರವಿರಲಿಲ್ಲ.

ಮಧ್ಯಾಹ್ನ ಮೂರೂವರೆಗೆ ದೋಣಿ ಉದ್ದ ದ್ವೀಪಕ್ಕೆ ಮರಳಿತು. ಗಂಡ ಪ್ಯಾಂಟನ್ನು ಮಂಡಿಯವರೆಗೆ ಮಡಚಿ ದಡದಲ್ಲಿ ನಿಂತಿದ್ದ. ಮಡಚಿದ್ದರ ಮೇಲೂ ಒಂದು ಗೇಣು ಒದ್ದೆಯಾಗಿತ್ತು. ಅವಳ ಕೈಯಿಂದ ಚೀಲ ತೆಗೆದುಕೊಂಡು, ಬಹಳ ದೊಡ್ಡ ಸಂಗತಿ ಹೇಳುವವನ ಹಾಗೆ, “ಸಿಕ್ಕಾಪಟ್ಟೆ ಉಪ್ಪು ಕಣೇ” ಎಂದ.

“ಕುಡಿದ್ರಾ?”

“ಸ್ವಲ್ಪ. ಅಲೆ ಬಂತು.”

ಅವರು ಹನ್ನೆರಡು ದಿನ ಪೂರೈಸಿ ಬಂದರು. ಅಕ್ಕನ ಮೂಗಿನ ಚರ್ಮ ಸುಲಿದಿತ್ತು, ಅತ್ತೆ ಮೂರು ಕಿಲೋ ಹೆಚ್ಚಿದ್ದರು.

ಇದಾಗಿ ಎಂಟು ತಿಂಗಳಾಯಿತು. ಅತ್ತೆಗೂ ಅಂಚೆಯಮ್ಮನಿಗೂ ವಾರಕ್ಕೊಮ್ಮೆ ಫೋನಿನಲ್ಲಿ ಜಗಳ ನಡೆದೇ ಇದೆ. ಅಂಚೆಯಮ್ಮನ ಎಡಗಣ್ಣಿಗೆ ಪೊರೆ ಬಂದಿದೆ. ದ್ವೀಪದಲ್ಲಿ ಅದಕ್ಕೆ ವೈದ್ಯರಿಲ್ಲ. “ಇಲ್ಲಿಗೆ ಬಂದು ಮಾಡಿಸ್ಕೊ. ಕಣ್ಣು ಸರಿ ಹೋಗೋವರೆಗೂ ನಿನ್ನ ಜೊತೆ ಆಡೋದು ಧರ್ಮ ಅಲ್ಲ” ಎಂದು ಅತ್ತೆ ಆಜ್ಞೆ ಹೊರಡಿಸಿದ್ದಾರೆ. ಅಂಚೆಯಮ್ಮ ದ್ವೀಪ ಬಿಟ್ಟು ಹೊರಗೆ ಕಾಲಿಡದೆ ಹತ್ತೊಂಬತ್ತು ವರ್ಷವಾಯಿತಂತೆ. ಅಕ್ಕ ಕಣ್ಣಿನ ಡಾಕ್ಟರ ಬಳಿ ದಿನ ಗೊತ್ತು ಮಾಡಿ ಬಂದಿದ್ದಾಳೆ. ಗಂಡ ಹಜಾರದ ಫ್ರಿಜ್ಜುಗಳನ್ನೆಲ್ಲ ಒಂದು ಗೋಡೆಗೆ ಒತ್ತರಿಸಿ ಅವಳ ಮಂಚಕ್ಕೆ ಜಾಗ ಮಾಡಿದ್ದಾನೆ. ಮಂಚ ಕಿಟಕಿಯ ಪಕ್ಕ ಇರಬೇಕೋ, ಫ್ಯಾನಿನ ಕೆಳಗೆ ಇರಬೇಕೋ ಎಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ. ಅತ್ತೆ ಕಿಟಕಿ ಎನ್ನುತ್ತಾರೆ, ಅಂಚೆಯಮ್ಮ ಫೋನಿನಲ್ಲೇ ಫ್ಯಾನು ಎನ್ನುತ್ತಾಳೆ.